ತಾವು ಬಯಸಿದಂತೆ ಕಾಣಿಸಿಕೊಂಡವರು

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಛಾಯಾಚಿತ್ರಗಳನ್ನು ತೆಗೆಸಿಕೊಂಡವರು ಯಾರು ಎಂದು ಕೇಳಿದರೆ ಅಬ್ರಹಾಂ ಲಿಂಕನ್ ಅವರ ಹೆಸರು ಥಟ್ಟನೆ ನೆನಪಾಗುವುದು ಸಹಜ. ಆದರೆ ಸಂಶೋಧಕರು ಹುಡುಕಿ ಪಟ್ಟಿ ಮಾಡಿರುವ ಪ್ರಕಾರ ಆ ಸ್ಥಾನ ಸಲ್ಲುವುದು ಫ್ರೆಡರಿಕ್ ಡಗ್ಲಸ್ ಅವರಿಗೆ. ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದು, ಗುಲಾಮಗಿರಿಯ ವಿರುದ್ಧ ಮಾತನಾಡಿದ ಅತಿ ದೊಡ್ಡ ವಾಗ್ಮಿಗಳಲ್ಲಿ ಒಬ್ಬರಾದ ಡಗ್ಲಸ್ ಅವರ ಸುಮಾರು 160 ಬೇರೆ ಬೇರೆ ಭಾವಚಿತ್ರಗಳು ಇಂದು ದೊರೆತಿವೆ. ಅವುಗಳಲ್ಲಿ ಬಹುತೇಕ ಎಲ್ಲದರಲ್ಲಿಯೂ ಅವರ ತುಟಿ ಬಿಗಿದಿದೆ, ಹುಬ್ಬು ಗಂಟಿಕ್ಕಿದೆ, ಕೋಟು ಮಡಿಕೆ ಮುರಿಯದಂತಿದೆ. ಬಿಳಿಯ ಕಲಾವಿದರು ಕಪ್ಪು ಜನರನ್ನು ಚಿತ್ರಿಸುವಾಗ ಮುಖದ ಲಕ್ಷಣಗಳನ್ನು ವಿಕಾರಗೊಳಿಸದೆ ಬಿಡುವುದಿಲ್ಲ ಎಂದು 1849ರಷ್ಟು ಹಿಂದೆಯೇ ಬರೆದಿದ್ದ ಅವರಿಗೆ, ಮನುಷ್ಯನ ಕೈಯ ಪೂರ್ವಗ್ರಹಕ್ಕೆ ಎಡೆಯಿಲ್ಲದ ಕ್ಯಾಮೆರಾ ಎಂಬ ಯಂತ್ರದ ಮೇಲೆ ಅಪಾರ ನಂಬಿಕೆಯಿತ್ತು. ಅಂತರ್ಯುದ್ಧ ಆರಂಭವಾದ 1861ರಲ್ಲಿ ಅವರು ಬಾಸ್ಟನ್ನಿನಲ್ಲಿ ಚಿತ್ರಗಳನ್ನೇ ವಿಷಯವಾಗಿಟ್ಟುಕೊಂಡು ಒಂದು ಉಪನ್ಯಾಸವನ್ನೂ ಕೊಟ್ಟರು. ದೇಶ ಎರಡಾಗಿ ಸೀಳುತ್ತಿದ್ದ ಹೊತ್ತಿನಲ್ಲಿ ಛಾಯಾಚಿತ್ರದ ಬಗ್ಗೆ ಮಾತನಾಡುವುದು ಅವರಿಗೆ ಹಗುರವಾದ ಸಂಗತಿಯೆಂದು ತೋರಲಿಲ್ಲ.

ಅದೇ ಕಾಲದಲ್ಲಿ ಸೊಜರ್ನರ್ ಟ್ರೂತ್ ಎಂಬ ಮಹಿಳೆ ಊರೂರು ತಿರುಗಿ ಭಾಷಣ ಮಾಡುತ್ತಿದ್ದರು. ಅವರೂ ಗುಲಾಮಗಿರಿಯಿಂದ ಹೊರಬಂದವರು. ತಮ್ಮ ಖರ್ಚಿಗೆ ಅವರು ತಮ್ಮದೇ ಭಾವಚಿತ್ರದ ಚಿಕ್ಕ ಕಾರ್ಡುಗಳನ್ನು ಮಾರುತ್ತಿದ್ದರು. ಬಿಳಿಯ ಟೋಪಿ, ಹೆಗಲ ಮೇಲೆ ಶಾಲು, ಕನ್ನಡಕ, ಕೈಯಲ್ಲಿ ಹೆಣಿಗೆಯ ದಾರ. ಮರ್ಯಾದಸ್ಥ ಮನೆಯ ಹಿರಿಯ ಹೆಂಗಸೊಬ್ಬರು ಕ್ಯಾಮೆರಾದ ಮುಂದೆ ಹೇಗೆ ಕೂರುತ್ತಿದ್ದರೋ ಹಾಗೆಯೇ ಅವರು ಕುಳಿತಿದ್ದಾರೆ. ಮೂಲವನ್ನು ಪೊರೆಯಲು ನೆರಳನ್ನು ಮಾರುತ್ತಿದ್ದೇನೆ ಎಂಬ ಅರ್ಥದ ಸಾಲನ್ನು ಕಾರ್ಡಿನ ಕೆಳಗೆ ಅಚ್ಚು ಹಾಕಿಸಿ, 1864ರಲ್ಲಿ ಚಿತ್ರದ ಹಕ್ಕನ್ನು ತಮ್ಮ ಹೆಸರಿಗೇ ನೋಂದಾಯಿಸಿಕೊಂಡರು. ಒಂದು ಕಾಲದಲ್ಲಿ ಅವರ ದೇಹವನ್ನೇ ಬೇರೆಯವರು ಮಾರಿ ಕೊಂಡಿದ್ದರು. ಅಂಥವರು ತಮ್ಮ ಚಿತ್ರವನ್ನು ತಾವೇ ಬೆಲೆ ಕಟ್ಟಿ ಮಾರಿದರು ಎಂಬುದನ್ನು ನಾನು ಎಷ್ಟು ಸಲ ಓದಿದರೂ ಒಂದು ಕ್ಷಣ ನಿಲ್ಲುತ್ತೇನೆ.

ಹಳೆಯ ಕಾಲದ ಕಪ್ಪು ಕಲಾವಿದರ, ಕ್ರೀಡಾಪಟುಗಳ, ಸಾಧಕರ ಛಾಯಾಚಿತ್ರಗಳನ್ನು ಇಂದು ನಾವು ಬಹಳ ಸುಲಭವಾಗಿ ನೋಡುತ್ತೇವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಹಲವು ವಸ್ತುಸಂಗ್ರಹಾಲಯಗಳು ಸಾವಿರಾರು ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿವೆ. ಕಪ್ಪು ಬಿಳುಪಿನ ಆ ಚಿತ್ರಗಳ ಸೊಬಗಿಗೆ ಮನಸೋಲುವುದು ಕಷ್ಟವೇನಲ್ಲ. ಆದರೆ ಸೊಬಗಿನಲ್ಲಿಯೇ ನಿಂತುಬಿಟ್ಟರೆ ಅವುಗಳ ಅರ್ಧ ಕೆಲಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಬಿಳಿಯರ ನಾಟಕ ಪ್ರದರ್ಶನಗಳು ಅಮೆರಿಕದ ಜನಪ್ರಿಯ ಮನರಂಜನೆಯಾಗಿದ್ದ ಕಾಲವದು. ಸಾಬೂನಿನ ಜಾಹೀರಾತು, ಹಾಡಿನ ಪುಸ್ತಕದ ಹೊದಿಕೆ, ಅಂಚೆ ಕಾರ್ಡು ಎಲ್ಲೆಲ್ಲೂ ಉಬ್ಬಿದ ತುಟಿಯ, ಹೊರಳಿದ ಕಣ್ಣಿನ ಆ ಅಣಕು ಮುಖವೇ ಇತ್ತು. ಈ ಹಿನ್ನೆಲೆಯಲ್ಲಿ ಒಬ್ಬ ಗಾಯಕಿ ಅಥವಾ ಒಬ್ಬ ಮುಷ್ಟಿಯೋಧ ಯಾವ ಉಡುಪು ತೊಟ್ಟು, ಯಾವ ಭಂಗಿಯಲ್ಲಿ, ಯಾರ ಕ್ಯಾಮೆರಾದ ಎದುರು ನಿಂತರು ಎಂಬುದು ಅವರ ಹಾಡಿನಷ್ಟೇ, ಹೊಡೆತದಷ್ಟೇ ಮುಖ್ಯವಾಗುತ್ತದೆ. ಆದ್ದರಿಂದ ನಾನು ಈ ಚಿತ್ರಗಳನ್ನು ನೋಡುವಾಗಲೆಲ್ಲ, ಈ ಮುಖ ಹೀಗೆ ಕಾಣಬೇಕೆಂದು ತೀರ್ಮಾನಿಸಿದವರು ಯಾರು ಎಂಬುದನ್ನು ಮೊದಲು ಹುಡುಕುತ್ತೇನೆ.

ಈ ಪ್ರಶ್ನೆಗೆ ಅತ್ಯಂತ ಸಮೃದ್ಧವಾದ ಉತ್ತರ ಸಿಗುವುದು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮಿನಲ್ಲಿದ್ದ ಜೇಮ್ಸ್ ವ್ಯಾನ್ ಡರ್ ಝೀ ಎಂಬ ಕಪ್ಪು ಛಾಯಾಗ್ರಾಹಕರ ಸ್ಟುಡಿಯೋದಲ್ಲಿ. 1886ರಲ್ಲಿ ಮ್ಯಾಸಚೂಸೆಟ್ಸಿನ ಲೆನಾಕ್ಸ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದ ಅವರು ಪಿಟೀಲು ಮತ್ತು ಪಿಯಾನೋ ಬಲ್ಲ ಸಂಗೀತಗಾರರೂ ಆಗಿದ್ದರು. ದಕ್ಷಿಣದ ರಾಜ್ಯಗಳ ದಬ್ಬಾಳಿಕೆಯಿಂದ ತಪ್ಪಿಸಿಕೊಂಡು ಲಕ್ಷಾಂತರ ಕಪ್ಪು ಜನರು ಉತ್ತರದ ನಗರಗಳಿಗೆ ವಲಸೆ ಬರುತ್ತಿದ್ದ ಕಾಲದಲ್ಲಿ, ಮೊದಲ ಮಹಾಯುದ್ಧದ ಸುಮಾರಿಗೆ, ಅವರು ಹಾರ್ಲೆಮಿನಲ್ಲಿ ಸ್ವಂತ ಸ್ಟುಡಿಯೋ ತೆರೆದರು. ನೃತ್ಯಗಾರ ಬಿಲ್ ಬೊಜ್ಯಾಂಗಲ್ಸ್ ರಾಬಿನ್ಸನ್, ರಂಗತಾರೆ ಫ್ಲಾರೆನ್ಸ್ ಮಿಲ್ಸ್ ಅಂಥ ಖ್ಯಾತರು ಅಲ್ಲಿಗೆ ಬಂದರು. ಮದುವೆಯ ಜೋಡಿಗಳು, ಸೈನಿಕರು, ಚರ್ಚಿನ ಗಾಯನ ಮಂಡಳಿಗಳು, ಬ್ಯಾಸ್ಕೆಟ್‌ಬಾಲ್ ತಂಡಗಳು ಕೂಡ ಬಂದವು. ಕಪ್ಪು ಜನರ ಸ್ವಾಭಿಮಾನದ ದೊಡ್ಡ ಚಳವಳಿಯನ್ನು ಕಟ್ಟಿದ ಮಾರ್ಕಸ್ ಗಾರ್ವಿ 1924ರಲ್ಲಿ ತಮ್ಮ ಸಂಘಟನೆಯ ಮೆರವಣಿಗೆಗಳನ್ನು ಚಿತ್ರಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದರು.

ವ್ಯಾನ್ ಡರ್ ಝೀ ನೆಗೆಟಿವಿನ ಮೇಲೆ ಕೈಯಾಡಿಸುತ್ತಿದ್ದರು. ಓರೆಯಾದ ಹಲ್ಲನ್ನು ನೇರಗೊಳಿಸುತ್ತಿದ್ದರು, ಸುಕ್ಕುಗಳನ್ನು ತಿದ್ದುತ್ತಿದ್ದರು, ಬೆರಳಿಗೆ ಇಲ್ಲದ ಉಂಗುರವನ್ನು ಗೀರಿ ಮೂಡಿಸುತ್ತಿದ್ದರು. ಎರಡು ನೆಗೆಟಿವುಗಳನ್ನು ಒಂದರ ಮೇಲೊಂದು ಇಟ್ಟು, ಕುಳಿತಿರುವ ದಂಪತಿಗಳ ಪಕ್ಕದಲ್ಲಿ ಮುಂದೆ ಹುಟ್ಟಬಹುದಾದ ಮಗುವಿನ ಮಸುಕು ರೂಪವನ್ನು ಸೇರಿಸಿದ್ದೂ ಉಂಟು. ಇದನ್ನು ಸುಳ್ಳು ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಅವರ 1932ರ ಪ್ರಸಿದ್ಧ ಚಿತ್ರವೊಂದರಲ್ಲಿ ಉದ್ದನೆಯ ತುಪ್ಪುಳದ ಕೋಟು ತೊಟ್ಟ ಗಂಡು ಹೆಣ್ಣು ಜೋಡಿಯೊಂದು ಹಾರ್ಲೆಮಿನ 127ನೆಯ ಬೀದಿಯಲ್ಲಿ ಮಿರುಗುವ ಕ್ಯಾಡಿಲಾಕ್ ಕಾರಿನೊಂದಿಗೆ ಇದೆ. ಆಕೆ ಕಾರಿನ ಹೊರಗೆ ನಿಂತಿದ್ದಾಳೆ, ಆತ ತೆರೆದ ಬಾಗಿಲಿನೊಳಗೆ ಕುಳಿತು ನಮ್ಮತ್ತ ನೋಡುತ್ತಿದ್ದಾನೆ. ಮಹಾ ಆರ್ಥಿಕ ಕುಸಿತವು ಹಾರ್ಲೆಮಿನ ದುಡಿಯುವ ಜನರನ್ನು ಬೇರೆಲ್ಲರಿಗಿಂತ ಕಠಿಣವಾಗಿ ಹಿಂಡುತ್ತಿದ್ದ ವರ್ಷವದು. ಆ ಬೀದಿಯ ಬಡತನವನ್ನು ಚಿತ್ರಿಸಲು ಬೇರೆ ಬಹಳ ಮಂದಿ ಛಾಯಾಗ್ರಾಹಕರಿದ್ದರು. ಅಲ್ಲಿನ ಜನ ತಮ್ಮನ್ನು ತಾವು ಹೇಗೆ ಕಂಡುಕೊಳ್ಳಲು ಬಯಸಿದ್ದರು ಎಂಬುದನ್ನು ಗಂಭೀರವಾಗಿ ತೆಗೆದುಕೊಂಡವರು ಕೆಲವರೇ, ಅವರಲ್ಲಿ ವ್ಯಾನ್ ಡರ್ ಝೀ ಮುಖ್ಯರು.

ಮುಂದೆ ಜನರ ಕೈಗೆ ಸ್ವಂತ ಕ್ಯಾಮೆರಾಗಳು ಬಂದಂತೆ ಅವರ ವ್ಯಾಪಾರ ಕುಗ್ಗಿತು. 1969ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಹಾರ್ಲೆಮಿನ ಇತಿಹಾಸದ ಮೇಲೆ ದೊಡ್ಡ ಪ್ರದರ್ಶನ ಏರ್ಪಡಿಸಿದಾಗ ಅವರ ಚಿತ್ರಗಳು ಮತ್ತೆ ಬೆಳಕಿಗೆ ಬಂದವು. ಹಾರ್ಲೆಮಿನ ಬಗ್ಗೆ ಪ್ರದರ್ಶನ ಮಾಡಿ ಅಲ್ಲಿನ ಕಪ್ಪು ವರ್ಣಚಿತ್ರಕಾರರ ಒಂದು ಕೃತಿಯನ್ನೂ ಇಡಲಿಲ್ಲವೆಂದು ಕಲಾವಿದರು ವಸ್ತುಸಂಗ್ರಹಾಲಯದ ಮುಂದೆಯೇ ಪ್ರತಿಭಟಿಸಿದರು. ಆ ಪ್ರತಿಭಟನೆ ಸಂಪೂರ್ಣ ನ್ಯಾಯವಾದದ್ದು. ಪ್ರದರ್ಶನದ ಗೋಡೆಗಳ ಮೇಲೆ ವ್ಯಾನ್ ಡರ್ ಝೀ ಅವರ ಚಿತ್ರಗಳು ರಾರಾಜಿಸಿದ ಅದೇ ವರ್ಷ, ಎಂಬತ್ತು ದಾಟಿದ್ದ ಅವರನ್ನು ಹಾರ್ಲೆಮಿನ ಮನೆಯಿಂದ ಹೊರಹಾಕಲಾಯಿತು. ಆಮೇಲೆ ಅವರು ಮತ್ತೆ ಕ್ಯಾಮೆರಾ ಹಿಡಿದರು, 1982ರಲ್ಲಿ ಯುವ ವರ್ಣಚಿತ್ರಕಾರ ಜಾನ್ ಮೈಕಲ್ ಬಾಸ್ಕಿಯಾ ಅವರ ಭಾವಚಿತ್ರ ತೆಗೆದರು, ಮರುವರ್ಷ ತೀರಿಕೊಂಡರು. ಅವರ ಇಡೀ ಸಂಗ್ರಹ, ಅಂದರೆ ಸುಮಾರು 20,000 ಮುದ್ರಿತ ಚಿತ್ರಗಳು ಮತ್ತು 30,000 ನೆಗೆಟಿವುಗಳು, ಮೆಟ್ರೊಪಾಲಿಟನ್ ಮತ್ತು ಹಾರ್ಲೆಮಿನ ಸ್ಟುಡಿಯೋ ಮ್ಯೂಸಿಯಂ ಜಂಟಿಯಾಗಿ ರಕ್ಷಿಸುವ ವ್ಯವಸ್ಥೆಯಾದದ್ದು 2021ರಲ್ಲಿ.

ಚಿತ್ರವೊಂದು ಏನನ್ನು ಚೌಕಟ್ಟಿನ ಹೊರಗೆ ಬಿಟ್ಟಿದೆ ಎಂಬುದನ್ನೂ ನೋಡಬೇಕಾಗುತ್ತದೆ. ಹ್ಯಾಟಿ ಮೆಕ್‌ಡ್ಯಾನಿಯಲ್ ಗಾನ್ ವಿತ್ ದ ವಿಂಡ್ ಚಲನಚಿತ್ರದ ಅಭಿನಯಕ್ಕೆ 1940ರ ಫೆಬ್ರವರಿ 29ರಂದು ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ಪಡೆದು, ಆ ಗೌರವಕ್ಕೆ ಪಾತ್ರರಾದ ಮೊದಲ ಕಪ್ಪು ವ್ಯಕ್ತಿಯಾದರು. ತಲೆಗೂದಲಿಗೆ ಬಿಳಿಯ ಹೂವು ಮುಡಿದು, ಪ್ರಶಸ್ತಿಯ ಫಲಕ ಹಿಡಿದು ನಿಂತ ಅವರ ಚಿತ್ರದಲ್ಲಿ ಸಂತೋಷವಲ್ಲದೆ ಇನ್ನೇನೂ ಇಲ್ಲ. ಸಮಾರಂಭ ನಡೆದ ಲಾಸ್ ಏಂಜಲೀಸಿನ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ, ನಿರ್ಮಾಪಕರು ವಿಶೇಷ ಅನುಮತಿ ಪಡೆಯಬೇಕಾಯಿತು, ಚಲನಚಿತ್ರದ ಉಳಿದ ತಾರೆಯರಿಂದ ದೂರ ಗೋಡೆಯ ಪಕ್ಕದ ಚಿಕ್ಕ ಮೇಜೊಂದರಲ್ಲಿ ಅವರನ್ನು ಕೂರಿಸಲಾಗಿತ್ತು. ಆ ಮೇಜು ಈ ಸಂಭ್ರಮದ ಚಿತ್ರದಲ್ಲಿಲ್ಲ. ಇದಕ್ಕೆ ಒಂದು ವರ್ಷ ಮೊದಲು ಗಾಯಕಿ ಮೇರಿಯನ್ ಆಂಡರ್ಸನ್ ಅವರಿಗೆ ವಾಷಿಂಗ್ಟನ್ನಿನ ಪ್ರತಿಷ್ಠಿತ ಸಭಾಂಗಣವೊಂದು ಬಾಗಿಲು ಮುಚ್ಚಿದಾಗ ನಡೆದದ್ದು ಇದಕ್ಕೆ ತದ್ವಿರುದ್ಧ. 1939ರ ಏಪ್ರಿಲ್ 9ರಂದು ಅವರು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ, ಸುಮಾರು 75,000 ಜನರ ಮುಂದೆ ಹಾಡಿದರು. ತುಪ್ಪುಳದ ಕೋಟಿನೊಳಗೆ ನೆಟ್ಟಗೆ ನಿಂತ ಆಂಡರ್ಸನ್, ಎದುರಿಗೆ ಮೈಕುಗಳ ಸಾಲು, ಹಿಂದೆ ಕುಳಿತ ಲಿಂಕನ್ನರ ಬೃಹತ್ ಶಿಲ್ಪ. ಅವಮಾನವೇ ಆ ಚಿತ್ರಕ್ಕೆ ಅಂಥ ಹಿನ್ನೆಲೆಯನ್ನು ಒದಗಿಸಿತು.

ಜಾಝ್ ಸಂಗೀತಗಾರರ ಚಿತ್ರಗಳ ಬಗ್ಗೆ ಬರೆಯದೆ ಈ ವಿಷಯ ಮುಂದೆ ಹೋಗಲಾರದು. ವಿಲಿಯಂ ಗಾಟ್ಲೀಬ್ ಎಂಬ ಬಿಳಿಯ ತರುಣ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಜಾಝ್ ಅಂಕಣ ಬರೆಯುತ್ತಿದ್ದರು. ಛಾಯಾಗ್ರಾಹಕನಿಗೆ ಸಂಬಳ ಕೊಡಲು ಪತ್ರಿಕೆ ಒಪ್ಪದಿದ್ದಾಗ ತಾವೇ ಒಂದು ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಕೊಂಡರು. ಫಿಲ್ಮಿಗೂ ಫ್ಲ್ಯಾಶ್ ಬಲ್ಬಿಗೂ ಕೈಯಿಂದಲೇ ಹಣ ಹಾಕಬೇಕಾಗಿದ್ದುದರಿಂದ ಒಂದು ರಾತ್ರಿಗೆ ಮೂರೋ ನಾಲ್ಕೋ ಚಿತ್ರಗಳಷ್ಟೇ. ಅದಕ್ಕಾಗಿ ಅವರು ಸಂಗೀತವನ್ನು ಗಮನವಿಟ್ಟು ಕೇಳಿ, ಕಲಾವಿದರು ಅತ್ಯಂತ ತಾವಾಗಿರುವ ಕ್ಷಣಕ್ಕಾಗಿ ಕಾಯುತ್ತಿದ್ದರು. 1947ರಲ್ಲಿ ನ್ಯೂಯಾರ್ಕಿನ ಕ್ಲಬ್ಬೊಂದರಲ್ಲಿ ಎಲ್ಲಾ ಫಿಟ್ಜೆರಾಲ್ಡ್ ಹಾಡುತ್ತಿರುವ ಅವರ ಚಿತ್ರವಿದೆ. ಪಕ್ಕದಲ್ಲಿ ನಿಂತ ಡಿಝಿ ಗಿಲೆಸ್ಪಿ ಆಕೆಯನ್ನು ನೋಡುತ್ತಿರುವ ರೀತಿಯಲ್ಲಿ, ಮತ್ತೊಬ್ಬರ ಪ್ರತಿಭೆಗೆ ಮನಸಾರೆ ತಲೆಬಾಗಿದ ಕಲಾವಿದನ ಬೆರಗು ಪೂರ್ತಿಯಾಗಿ ಬಯಲಾಗಿದೆ. ಅದೇ ವರ್ಷ ತೆಗೆದ ಬಿಲ್ಲಿ ಹಾಲಿಡೇ ಅವರ ಚಿತ್ರದಲ್ಲಿ ತಲೆ ಹಿಂದಕ್ಕೆ ವಾಲಿದೆ, ಬಾಯಿ ತೆರೆದಿದೆ, ಕೊರಳಿನ ಎಳೆ ಎಳೆಯೂ ಬಿಗಿದಿದೆ. ಆ ವರ್ಷವೇ ಮಾದಕದ್ರವ್ಯದ ಪ್ರಕರಣದಲ್ಲಿ ಅವರಿಗೆ ಶಿಕ್ಷೆಯಾಗಿ, ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಾಡುವ ಪರವಾನಗಿಯನ್ನು ಕಳೆದುಕೊಂಡರು. ಗಾಟ್ಲೀಬ್ ತಮ್ಮ ಚಿತ್ರಗಳು ಕೊನೆಗೆ ಎಲ್ಲರ ಸೊತ್ತಾಗಬೇಕೆಂದು ಬಯಸಿದ್ದರು. ಅದರಂತೆ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಅವರ ಸಾವಿರದ ಆರುನೂರಕ್ಕೂ ಹೆಚ್ಚು ಚಿತ್ರಗಳು 2010ರಿಂದ ಯಾರ ಅನುಮತಿಯೂ ಬೇಕಿಲ್ಲದೆ ಸಾರ್ವಜನಿಕರಿಗೆ ಲಭ್ಯವಾಗಿವೆ.

ಗಾಟ್ಲೀಬ್ ಬಳಸುತ್ತಿದ್ದ ಫ್ಲ್ಯಾಶಿನ ಬೆಳಕನ್ನು ಬೇಡವೆಂದು ದೂರವಿಟ್ಟವರು ರಾಯ್ ಡಿಕರಾವಾ. ಹಾರ್ಲೆಮಿನಲ್ಲಿಯೇ 1919ರಲ್ಲಿ ಹುಟ್ಟಿದ, ಮೊದಲು ವರ್ಣಚಿತ್ರಕಾರರಾಗಿದ್ದ ಡಿಕರಾವಾ 1952ರಲ್ಲಿ ಗುಗ್ಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಕಪ್ಪು ಛಾಯಾಗ್ರಾಹಕ. ಕ್ಲಬ್ಬಿನಲ್ಲಿ ಎಷ್ಟು ಬೆಳಕಿದೆಯೋ ಅಷ್ಟರಲ್ಲಿಯೇ ಅವರು ಜಾನ್ ಕೋಲ್ಟ್ರೇನ್ ಅವರಂಥವರನ್ನು ಸೆರೆಹಿಡಿದರು. ಅವರ ಪ್ರಿಂಟುಗಳಲ್ಲಿ ಅಚ್ಚ ಬಿಳುಪು ಹುಡುಕಿದರೂ ಸಿಗುವುದು ಅಪರೂಪ. ಕಡುಬೂದಿಯಿಂದ ಕಗ್ಗಪ್ಪಿನವರೆಗೆ ಹತ್ತಾರು ಛಾಯೆಗಳಿವೆ, ಮುಖವು ಕತ್ತಲೊಳಗಿಂದಲೇ ನಿಧಾನವಾಗಿ ರೂಪುಗೊಳ್ಳುತ್ತದೆ. ಮೊದಲ ನೋಟಕ್ಕೆ ಏನೂ ಕಾಣದು, ಕಣ್ಣು ಒಗ್ಗಿದಂತೆ ಕೆನ್ನೆಯ ಇಳಿಜಾರು, ಮುಚ್ಚಿದ ರೆಪ್ಪೆ, ಬೆವರಿನ ಹೊಳಪು ಒಂದೊಂದಾಗಿ ಕಾಣುತ್ತವೆ. ಕಪ್ಪು ಚರ್ಮವನ್ನು ಬೆಳಕು ಸುರಿದು ಬೆಳ್ಳಗಾಗಿಸಬೇಕಾದ ತೊಡಕು ಎಂದು ನೋಡದೆ, ಅದರೊಳಗೇ ಬಣ್ಣಗಳ ಒಂದು ಲೋಕವಿದೆ ಎಂದು ತಿಳಿದು ಪ್ರಿಂಟು ಹಾಕಿದ ಡಿಕರಾವಾ ಅವರನ್ನು ನಾನು ಈ ಎಲ್ಲರ ನಡುವೆ ಅತಿ ದೊಡ್ಡ ಕಲಾವಿದರೆಂದು ಎಣಿಸುತ್ತೇನೆ.

ಬಣ್ಣದ ಫಿಲ್ಮು ಬಂದ ಮೇಲೆ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಯಿತು. ಪ್ರಿಂಟಿನ ಬಣ್ಣ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳುಹಿಸುತ್ತಿದ್ದ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಣ್ಣೊಬ್ಬಳ ಮುಖ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂಬ ಹೆಸರೇ ಬಿತ್ತು. ಅವಳ ಮೈಬಣ್ಣ ಸರಿಯಾಗಿ ಬಂದರೆ ಎಲ್ಲವೂ ಸರಿ. ಅದೇ ಫಿಲ್ಮಿನಲ್ಲಿ ಕಪ್ಪು ಮಕ್ಕಳ ಮುಖಗಳು ಬರಿಯ ಕಣ್ಣು ಹಲ್ಲುಗಳಾಗಿ ಕಾಣುತ್ತಿದ್ದವು. ಕಂಪನಿಯಲ್ಲಿ ಕೆಲಸ ಮಾಡಿದವರೇ ಮುಂದೆ ಹೇಳಿರುವಂತೆ, ಕಡುಬಣ್ಣಗಳು ಸರಿಯಾಗಿ ಮೂಡುವಂತೆ ಫಿಲ್ಮನ್ನು ತಿದ್ದಲು ಒತ್ತಡ ತಂದವರು ಚಾಕೊಲೇಟು ಮತ್ತು ಮರದ ಪೀಠೋಪಕರಣಗಳ ತಯಾರಕರು. ಇದನ್ನು ಓದಿದಾಗ ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಮದುವೆಯ ಆಲ್ಬಮ್ಮಿಗಾಗಿ, ವಧುವರಾನ್ವೇಷಣೆಗಾಗಿ ಬೆಳ್ಳಗೆ ಮಾಡಿಸಿಕೊಂಡ ಎಷ್ಟೋ ಮುಖಗಳು ನೆನಪಾಗಿ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಕಾಡಂಚಿನಲ್ಲಿ ಆಫ್ರಿಕ ಮೂಲದ ಸಿದ್ದಿ ಸಮುದಾಯದವರು ನೂರಾರು ವರ್ಷಗಳಿಂದ ಬಾಳುತ್ತಿದ್ದಾರೆ. ಕನ್ನಡ ಅವರ ಭಾಷೆಗಳಲ್ಲೊಂದು. ಅವರಲ್ಲಿ ಕ್ರೀಡಾಪಟುಗಳಿದ್ದಾರೆ, ರಂಗಕಲಾವಿದರಿದ್ದಾರೆ, 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡ ಶಾಂತಾರಾಮ ಸಿದ್ದಿ ಅವರಿದ್ದಾರೆ. ಆದರೂ ನನ್ನ ಕಣ್ಣಿಗೆ ಬಿದ್ದ ಸಿದ್ದಿಗಳ ಚಿತ್ರಗಳಲ್ಲಿ ಹೆಚ್ಚಿನವು ಹೊರಗಿನಿಂದ ಬಂದವರು ಕುತೂಹಲಕ್ಕೆ ತೆಗೆದವು, ಅವುಗಳಡಿ ವ್ಯಕ್ತಿಯ ಹೆಸರು ಕೂಡ ಇರುವುದಿಲ್ಲ.

ಒಳಗಿನವರೇ ಕ್ಯಾಮೆರಾ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಮಿಲ್ಟ್ ಹಿಂಟನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಿಂಟನ್ ಜಾಝಿನ ಮಹಾನ್ ಬೇಸ್ ವಾದಕರಲ್ಲೊಬ್ಬರು. 1936ರಲ್ಲಿ ಕ್ಯಾಬ್ ಕ್ಯಾಲೊವೇ ಅವರ ವಾದ್ಯವೃಂದ ಸೇರಿದವರು. ತಂಡದೊಂದಿಗೆ ಊರೂರು ಸುತ್ತುವಾಗ ಅವರ ಕೈಯಲ್ಲಿ ಸದಾ ಒಂದು ಕ್ಯಾಮೆರಾ ಇರುತ್ತಿತ್ತು. ರೈಲಿನಲ್ಲಿ ನಿದ್ದೆ ಹೋದ ಕಲಾವಿದರು, ಪ್ಲಾಟ್‌ಫಾರಮ್ಮಿನಲ್ಲಿ ಹರಟುತ್ತಿರುವ ಗೆಳೆಯರು, ಧ್ವನಿಮುದ್ರಣದ ನಡುವಿನ ಬಿಡುವಿನಲ್ಲಿ ದಣಿದು ಕುಳಿತವರು ಅವರ ಚಿತ್ರಗಳಲ್ಲಿದ್ದಾರೆ. 1940ರ ಸುಮಾರಿನ ಒಂದು ಚಿತ್ರದಲ್ಲಿ ಅವರ ವಾದ್ಯವೃಂದದ ಸಂಗಡಿಗರು ಅಟ್ಲಾಂಟಾದ ರೈಲು ನಿಲ್ದಾಣದ ಹೊರಗೆ, ಕಪ್ಪು ಜನರಿಗೆ ಮೀಸಲಾದ ಪ್ರವೇಶದ್ವಾರ ಎಂಬ ಫಲಕದ ಕೆಳಗೆ ನಿಂತಿದ್ದಾರೆ. ಅವರೆಲ್ಲ ಒಳ್ಳೆಯ ಸೂಟು, ಟೋಪಿಗಳನ್ನು ಧರಿಸಿದ್ದಾರೆ. ಆ ಕಾಲದ ಬಿಳಿಯರ ಪತ್ರಿಕೆಗಳು ಇಂಥ ಚಿತ್ರವನ್ನು ಬೇಕೆಂದು ಕೇಳುತ್ತಿರಲಿಲ್ಲ, ಸಂಗೀತಗಾರರು ಹೊರಗಿನ ಛಾಯಾಗ್ರಾಹಕನ ಮುಂದೆ ಹಾಗೆ ನಿಲ್ಲುತ್ತಲೂ ಇರಲಿಲ್ಲ. ಹಿಂಟನ್ ಉಳಿಸಿ ಹೋದ ಸುಮಾರು 60,000 ಚಿತ್ರಗಳಲ್ಲಿ 1950ರ ದಶಕದ ಕೊನೆಯ ಬಿಲ್ಲಿ ಹಾಲಿಡೇ ಕೂಡ ಇದ್ದಾರೆ. ಗಾಟ್ಲೀಬ್ ಕಂಡ ಬಿಲ್ಲಿ ಹಾಲಿಡೇ ಮತ್ತು ಹಿಂಟನ್ ಕಂಡ ಬಿಲ್ಲಿ ಹಾಲಿಡೇ ನಡುವೆ ಹತ್ತು ಹನ್ನೆರಡು ವರ್ಷಗಳಷ್ಟೇ ಅಂತರ, ಆದರೆ ಆ ಎರಡನೆಯ ಮುಖದಲ್ಲಿ ಆಯಾಸವನ್ನು ಮುಚ್ಚಿಡುವ ಯಾವ ಪ್ರಯತ್ನವೂ ಇಲ್ಲ, ಏಕೆಂದರೆ ಎದುರಿಗಿದ್ದದ್ದು ಜೊತೆಗಾರ.

ಜಾಝಿನ ಸಮೂಹಚಿತ್ರವೆಂದರೆ ಎಲ್ಲರಿಗೂ ನೆನಪಾಗುವುದು 1958ರ ಆಗಸ್ಟ್ 12ರಂದು ಎಸ್ಕ್ವೈರ್ ಪತ್ರಿಕೆಗಾಗಿ ಆರ್ಟ್ ಕೇನ್ ತೆಗೆದದ್ದು. ಹಾರ್ಲೆಮಿನ 126ನೆಯ ಬೀದಿಯ ಮನೆಯೊಂದರ ಮೆಟ್ಟಿಲುಗಳ ಮೇಲೂ ಮುಂದಿನ ಕಾಲುದಾರಿಯ ಮೇಲೂ 57 ಸಂಗೀತಗಾರರು. ರಾತ್ರಿಯಿಡೀ ನುಡಿಸಿ ಬೆಳಗಿನ ಜಾವ ಮಲಗುವ ಈ ಜನ ಬೆಳಿಗ್ಗೆ ಹತ್ತು ಗಂಟೆಗೆ ಸೇರಿದ್ದೇ ಆಶ್ಚರ್ಯ. ಬಹುಕಾಲದ ಮೇಲೆ ಭೇಟಿಯಾದ ಅವರು ಮಾತು ನಿಲ್ಲಿಸಿ ಸಾಲಾಗಿ ನಿಲ್ಲುವಂತೆ ಮಾಡಲು ಕೇನ್ ಪಾಡುಪಟ್ಟರು. ತೆಲೋನಿಯಸ್ ಮಂಕ್ ಎದ್ದು ಕಾಣಲೆಂದು ತಿಳಿಬಣ್ಣದ ಕೋಟು ತೊಟ್ಟು ಬಂದಿದ್ದರು. ಕೌಂಟ್ ಬೇಸಿ ಕಾಲು ಸೋತು ಬೀದಿಯಂಚಿನಲ್ಲಿ ಕುಳಿತರು, ಅವರ ಪಕ್ಕದಲ್ಲಿ ಆ ಬೀದಿಯ ಮಕ್ಕಳು ಸಾಲಾಗಿ ಕುಳಿತರು. ವಿಲ್ಲಿ ದ ಲಯನ್ ಸ್ಮಿತ್ ದಣಿವಾರಿಸಿಕೊಳ್ಳಲು ಪಕ್ಕದ ಮನೆಯ ಮೆಟ್ಟಿಲಿಗೆ ಹೋಗಿದ್ದರಿಂದ ಪತ್ರಿಕೆ ಆರಿಸಿಕೊಂಡ ಚಿತ್ರದಿಂದಲೇ ತಪ್ಪಿಹೋದರು. ಅಷ್ಟು ಜನರ ನಡುವೆ ಮೇರಿ ಲೂ ವಿಲಿಯಮ್ಸ್, ಮ್ಯಾಕ್ಸೀನ್ ಸಲಿವನ್, ಮೇರಿಯನ್ ಮೆಕ್‌ಪಾರ್ಟ್‌ಲ್ಯಾಂಡ್ ಎಂಬ ಮೂವರೇ ಹೆಂಗಸರು ಎಂಬುದನ್ನೂ ಗಮನಿಸಬೇಕು.

ಕ್ರೀಡಾಪಟುಗಳ ಚಿತ್ರಗಳಲ್ಲಿ ಮುಖಭಾವವೇ ಒಂದು ರಾಜಕೀಯ. ಇದು ಹೆವಿವೇಟ್ ಬಾಕ್ಸಿಂಗಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಜ್ಯಾಕ್ ಜಾನ್ಸನ್ 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್ ಅವರನ್ನು ಸೋಲಿಸಿ ಆ ಪಟ್ಟಕ್ಕೇರಿದ ಮೊದಲ ಕಪ್ಪು ಯೋಧ. ಚಿನ್ನದ ಹಲ್ಲು ಕಾಣುವಂತೆ ನಗುತ್ತ, ತುಪ್ಪುಳದ ಕೋಟು ತೊಟ್ಟು, ವೇಗದ ಕಾರಿನ ಚಕ್ರ ಹಿಡಿದು ಅವರು ಕ್ಯಾಮೆರಾಗಳಿಗೆ ಮನಃಪೂರ್ವಕ ಮುಖವೊಡ್ಡಿದರು. 1910ರ ಜುಲೈ 4ರಂದು ರೀನೋ ನಗರದಲ್ಲಿ, ನಿವೃತ್ತಿಯಿಂದ ಕರೆತಂದ ಬಿಳಿಯ ಯೋಧ ಜಿಮ್ ಜೆಫ್ರೀಸ್ ಅವರನ್ನು ಜಾನ್ಸನ್ ಸೋಲಿಸಿದಾಗ ದೇಶದ ಹಲವೆಡೆ ದೊಂಬಿಗಳಾಗಿ ಜೀವಗಳು ಹೋದವು. ಆ ಪಂದ್ಯದ ಚಲನಚಿತ್ರವನ್ನು ಊರೂರುಗಳಲ್ಲಿ ನಿಷೇಧಿಸಿದರು. 1912ರಲ್ಲಿ ಅಮೆರಿಕದ ಸಂಸತ್ತು ಬಾಕ್ಸಿಂಗ್ ಚಿತ್ರಸುರುಳಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನೇ ಕಾನೂನಿನ ಮೂಲಕ ತಡೆಯಿತು. ಬಿಳಿಯನನ್ನು ಕೆಡವುವ ಕಪ್ಪು ಮನುಷ್ಯನ ದೃಶ್ಯಕ್ಕೆ ಇಷ್ಟು ಹೆದರಿದ ಸರ್ಕಾರವೇ ಆ ದೃಶ್ಯದ ಶಕ್ತಿಗೆ ಸಾಕ್ಷಿ ಹೇಳಿದಂತಾಯಿತು.

ಕಾಲು ಶತಮಾನದ ಮೇಲೆ ಜೋ ಲೂಯಿಸ್ ಬಂದಾಗ ಅವರ ವ್ಯವಸ್ಥಾಪಕರು ಜಾನ್ಸನ್ನರ ಗತಿಯನ್ನು ಮರೆತಿರಲಿಲ್ಲ. ಬಿಳಿಯ ಹೆಂಗಸರೊಂದಿಗೆ ಚಿತ್ರ ತೆಗೆಸಿಕೊಳ್ಳಬಾರದು, ನೆಲಕ್ಕೆ ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು ಎಂಬಂಥ ನಿಯಮಗಳನ್ನೇ ವಿಧಿಸಿದ್ದರು. ಆದ್ದರಿಂದ ಲೂಯಿಸ್ ಅವರ ಬಹುಪಾಲು ಚಿತ್ರಗಳಲ್ಲಿ ಭಾವವೇ ಇಲ್ಲದ ಮುಖವಿದೆ. 1938ರ ಜೂನ್ 22ರಂದು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವರನ್ನು ಮೊದಲ ಸುತ್ತಿನಲ್ಲಿಯೇ ಮಣಿಸಿ ಹಾರ್ಲೆಮಿನ ಬೀದಿಗಳನ್ನು ಕುಣಿಸಿದ ಆ ಮನುಷ್ಯ ತಾನು ಮಾತ್ರ ಕ್ಯಾಮೆರಾದ ಎದುರು ಹಿಗ್ಗುವಂತಿರಲಿಲ್ಲ. ಅದನ್ನು ವಿನಯವೆಂದು ಹೊಗಳಿ ಬರೆದ ಪತ್ರಕರ್ತರು ಎಷ್ಟೋ ಮಂದಿ. ಅದರೊಳಗಿನ ಬಿಗಿತವನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇದಾದ ಮೇಲೆ 1965ರ ಮೇ 25ರ ಚಿತ್ರವನ್ನು ನೋಡಬೇಕು. ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನಲ್ಲಿ ಮೊದಲ ಸುತ್ತಿನಲ್ಲಿಯೇ ಅಂಗಾತ ಬಿದ್ದ ಸೋನಿ ಲಿಸ್ಟನ್, ಅವರ ಮೇಲೆ ಬಲಗೈ ಮಡಿಸಿ ನಿಂತು ಎದ್ದು ಕಾದಾಡೆಂದು ಅಬ್ಬರಿಸುತ್ತಿರುವ ಮುಹಮ್ಮದ್ ಅಲಿ. ಲೂಯಿಸ್ ಅವರಿಗೆ ಹಾಕಿದ್ದ ನಿಯಮವನ್ನು ಇದಕ್ಕಿಂತ ಪೂರ್ಣವಾಗಿ ಮುರಿಯಲು ಸಾಧ್ಯವಿಲ್ಲ. ಚಿತ್ರ ತೆಗೆದ ನೀಲ್ ಲೈಫರ್ ಅವರಿಗೆ ಆಗ 22 ವರ್ಷ. ಅಲಿಯ ಕಾಲುಗಳ ನಡುವೆ, ಅಖಾಡದ ಎದುರು ಬದಿಯಲ್ಲಿ ಹಿರಿಯ ಛಾಯಾಗ್ರಾಹಕ ಹರ್ಬ್ ಶಾರ್ಫ್‌ಮನ್ ಕಾಣುತ್ತಾರೆ. ಅವರಿಗೆ ಸಿಕ್ಕಿದ್ದು ಅಲಿಯ ಬೆನ್ನು ಮಾತ್ರ. ಇಂದು ಕ್ರೀಡಾ ಛಾಯಾಚಿತ್ರಗಳಲ್ಲಿಯೇ ಶ್ರೇಷ್ಠವೆಂದು ಹೆಸರಾದ ಇದು ಆ ವಾರ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ನಿಯತಕಾಲಿಕದ ಮುಖಪುಟಕ್ಕೂ ಬರಲಿಲ್ಲ. ಅಲಿಯನ್ನು ದುರಹಂಕಾರಿ ಎಂದು ಬಹುಮಂದಿ ಬಿಳಿಯ ಪತ್ರಕರ್ತರು ದೂರವಿಟ್ಟಿದ್ದ ದಿನಗಳವು, ಕ್ಯಾಸಿಯಸ್ ಕ್ಲೇ ಎಂಬುದನ್ನು ಬಿಟ್ಟು ಅವರು ಇಟ್ಟುಕೊಂಡ ಹೊಸ ಹೆಸರನ್ನು ಬರೆಯಲೂ ಎಷ್ಟೋ ಪತ್ರಿಕೆಗಳು ಒಪ್ಪುತ್ತಿರಲಿಲ್ಲ. ಅಲಿಯ ಅಬ್ಬರವನ್ನು ಸಂಭ್ರಮವಾಗಿ ನೋಡಲು ಅಮೆರಿಕಕ್ಕೆ ಇನ್ನಷ್ಟು ವರ್ಷಗಳು ಹಿಡಿದವು.

ಮೂರು ವರ್ಷಗಳ ಬಳಿಕ, 1968ರ ಅಕ್ಟೋಬರ್ 16ರಂದು, ಮೆಕ್ಸಿಕೋ ಒಲಿಂಪಿಕ್ಸಿನ 200 ಮೀಟರ್ ಓಟದ ವಿಜಯವೇದಿಕೆಯಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ತಲೆ ತಗ್ಗಿಸಿ, ಕಪ್ಪು ಗವಸಿನ ಮುಷ್ಟಿ ಎತ್ತಿದರು. ಲೈಫ್ ಪತ್ರಿಕೆಯ ಜಾನ್ ಡಾಮಿನಿಸ್ ತೆಗೆದ ಚಿತ್ರ ಎಲ್ಲರಿಗೂ ಪರಿಚಿತ. ಮುಷ್ಟಿಯಿಂದ ಕಣ್ಣು ಕೆಳಗಿಳಿಸಿದರೆ ಬೇರೆ ವಿವರಗಳು ಸಿಗುತ್ತವೆ. ಕಾಲಲ್ಲಿ ಬೂಟುಗಳಿಲ್ಲ, ಕಪ್ಪು ಕಾಲುಚೀಲಗಳಷ್ಟೇ. ಅದು ಕಪ್ಪು ಜನರ ಬಡತನವನ್ನು ಹೇಳಲು. ಕಾರ್ಲೋಸ್ ಕೊರಳಿನ ಮಣಿಸರ, ಮರಕ್ಕೆ ನೇತುಹಾಕಿ ಕೊಲ್ಲಲಾದ ಕಪ್ಪು ಜನರ ನೆನಪಿಗೆ. ಕಾರ್ಲೋಸ್ ತಮ್ಮ ಗವಸುಗಳನ್ನು ಮರೆತು ಬಂದಿದ್ದರಿಂದ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಂಡರು. ಆದ್ದರಿಂದಲೇ ಒಬ್ಬರದು ಬಲಗೈ, ಇನ್ನೊಬ್ಬರದು ಎಡಗೈ. ಎರಡನೆಯ ಸ್ಥಾನದಲ್ಲಿ ನಿಂತ ಆಸ್ಟ್ರೇಲಿಯದ ಪೀಟರ್ ನಾರ್ಮನ್ ಎದೆಯ ಮೇಲೂ ಮಾನವ ಹಕ್ಕುಗಳ ಅದೇ ಬಿಲ್ಲೆಯಿದೆ. ಆ ಕೆಲವು ನಿಮಿಷಗಳನ್ನು ಅವರು ಮೊದಲೇ ಯೋಚಿಸಿ, ಉಡುಪಿನ ಒಂದೊಂದು ಅಂಶಕ್ಕೂ ಅರ್ಥ ಕೊಟ್ಟು, ಜಗತ್ತಿನ ಕ್ಯಾಮೆರಾಗಳ ಮುಂದೆ ನಿಂತಿದ್ದರು. ಸೊಜರ್ನರ್ ಟ್ರೂತ್ ತಮ್ಮ ಶಾಲು, ಹೆಣಿಗೆಗಳನ್ನು ಆರಿಸಿಕೊಂಡದ್ದಕ್ಕೂ ಇದಕ್ಕೂ ನಾನು ವ್ಯತ್ಯಾಸ ಕಾಣೆ. ಸ್ಮಿತ್ ಮತ್ತು ಕಾರ್ಲೋಸ್ ಅವರನ್ನು ಕ್ರೀಡಾಕೂಟದಿಂದ ಹೊರಗಟ್ಟಿದರು. 2006ರಲ್ಲಿ ನಾರ್ಮನ್ ತೀರಿಕೊಂಡಾಗ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರಿಬ್ಬರೂ ಇದ್ದರು.

ಇಂಥ ಚಿತ್ರಗಳನ್ನು ಕಪ್ಪು ಜನರ ಮನೆಮನೆಗೆ ತಲುಪಿಸಿದ್ದು ಕಪ್ಪು ಜನರದೇ ಪತ್ರಿಕೆಗಳು. ತಾಯಿಯ ಮನೆಸಾಮಾನನ್ನು ಅಡವಿಟ್ಟು ಪಡೆದ 500 ಡಾಲರುಗಳಿಂದ ಪ್ರಕಾಶನ ಆರಂಭಿಸಿದ ಜಾನ್ ಜಾನ್ಸನ್ 1945ರ ನವೆಂಬರಿನಲ್ಲಿ ಷಿಕಾಗೋದಿಂದ ಎಬೊನಿ ಮಾಸಪತ್ರಿಕೆಯನ್ನು ಹೊರತಂದರು. ತಮ್ಮಂಥವರು ತಾರೆಯರಾಗಿ, ವೈದ್ಯರಾಗಿ, ಮನೆ ಕಟ್ಟಿಕೊಂಡವರಾಗಿ ನುಣುಪು ಕಾಗದದ ಪುಟಗಳಲ್ಲಿ ಕಾಣಿಸಿದ್ದು ಓದುಗರಿಗೆ ಹೊಸದಾಗಿತ್ತು. ಅದರ ಛಾಯಾಗ್ರಾಹಕ ಮೊನೀಟಾ ಸ್ಲೀಟ್ ಅವರು 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಕ್ರಿಯೆಯ ಹೊತ್ತು, ಪುಟ್ಟ ಮಗಳನ್ನು ಮಡಿಲಲ್ಲಿಟ್ಟುಕೊಂಡ ಕೊರೆಟ್ಟಾ ಕಿಂಗ್ ಅವರ ಚಿತ್ರ ತೆಗೆದು ಪುಲಿಟ್ಜರ್ ಪ್ರಶಸ್ತಿ ಪಡೆದರು. ಚರ್ಚಿನೊಳಗೆ ಬಿಡಬೇಕಾದ ಛಾಯಾಗ್ರಾಹಕರ ಪಟ್ಟಿಯಲ್ಲಿ ಕಪ್ಪು ಛಾಯಾಗ್ರಾಹಕರು ಇಲ್ಲವೆಂದು ತಿಳಿದಾಗ, ಸ್ಲೀಟ್ ಅವರನ್ನು ಸೇರಿಸದಿದ್ದರೆ ಯಾರೂ ಬೇಡವೆಂದು ಕೊರೆಟ್ಟಾ ಹಟ ಹಿಡಿದಿದ್ದರು. ಜಾನ್ಸನ್ ಪ್ರಕಾಶನ ದಿವಾಳಿಯಾದ ಮೇಲೆ, 2019ರಲ್ಲಿ ಅದರ ನಲವತ್ತು ಲಕ್ಷಕ್ಕೂ ಮೀರಿದ ಚಿತ್ರಗಳ ಭಂಡಾರ ಹರಾಜಿಗೆ ಬಂತು. ನಾಲ್ಕು ಪ್ರತಿಷ್ಠಾನಗಳು ಕೂಡಿ ಅದನ್ನು ಮೂರು ಕೋಟಿ ಡಾಲರಿಗೆ ಕೊಂಡು ಸಾರ್ವಜನಿಕ ಸಂಸ್ಥೆಗಳಿಗೆ ಒಪ್ಪಿಸದಿದ್ದರೆ ಅದು ಖಾಸಗಿ ಕೈಗಳಲ್ಲಿ ಚದುರಿ ಹೋಗಬಹುದಿತ್ತು.

ಪಿಟ್ಸ್‌ಬರ್ಗ್ ನಗರದ ಚಾರ್ಲ್ಸ್ ಟೀನಿ ಹ್ಯಾರಿಸ್ ಅವರ ಸಂಗ್ರಹ ಗಾತ್ರದಲ್ಲಿ ಇದಕ್ಕಿಂತ ಚಿಕ್ಕದು, ನನಗೆ ಮಾತ್ರ ಇನ್ನಷ್ಟು ಹತ್ತಿರದ್ದು. ಪಿಟ್ಸ್‌ಬರ್ಗ್ ಕೊರಿಯರ್ ಎಂಬ ಕಪ್ಪು ಜನರ ಪತ್ರಿಕೆಗೆ ಅವರು 1970ರ ದಶಕದವರೆಗೂ ದುಡಿದರು. ಒಂದೇ ಕ್ಲಿಕ್ಕಿನಲ್ಲಿ ಚಿತ್ರ ಮುಗಿಸುತ್ತಿದ್ದುದರಿಂದ ಹ್ಯಾರಿಸ್ ಅವರನ್ನು ನಗರದ ಮೇಯರ್ ಒನ್ ಶಾಟ್ ಎಂದೇ ಕರೆಯುತ್ತಿದ್ದರಂತೆ. ಹಿಲ್ ಡಿಸ್ಟ್ರಿಕ್ಟ್ ಎಂಬ ಬಡಾವಣೆಗೆ ಬಂದ ಗಾಯಕಿ ಲೀನಾ ಹಾರ್ನ್, ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಹ್ಯಾರಿಸ್ ಅವರ ಚಿತ್ರಗಳಲ್ಲಿದ್ದಾರೆ. ಬೇಸ್‌ಬಾಲಿನ ಮಹಾ ದಾಂಡಿಗ ಜಾಶ್ ಗಿಬ್ಸನ್ ಇದ್ದಾರೆ. ಬಿಳಿಯರ ಮೇಜರ್ ಲೀಗಿನಲ್ಲಿ ಆಡಲು ಅವಕಾಶವೇ ಸಿಗದ ಗಿಬ್ಸನ್ 1947ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಗೋಡೆಯನ್ನು ಮುರಿದು ಜ್ಯಾಕಿ ರಾಬಿನ್ಸನ್ ಮೈದಾನಕ್ಕಿಳಿದದ್ದು ಅದೇ ಏಪ್ರಿಲ್ 15ರಂದು. ಕಪ್ಪು ಲೀಗುಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿ, ಗಿಬ್ಸನ್ ಅವರ ಬ್ಯಾಟಿಂಗ್ ಸರಾಸರಿಯೇ ಎಲ್ಲರಿಗಿಂತ ಮೇಲು ಎಂದು ಒಪ್ಪಿಕೊಂಡದ್ದು 2024ರಲ್ಲಿ. ಅಷ್ಟು ಕಾಲ ಅಂಕಿಪಟ್ಟಿಗಳಲ್ಲಿ ಸಿಗದ ಗೌರವ ಹ್ಯಾರಿಸ್ ಅವರ ನೆಗೆಟಿವುಗಳಲ್ಲಿ ಉಳಿದಿತ್ತು.

ಹ್ಯಾರಿಸ್ ತಾರೆಯರನ್ನು ಒಂಟಿಯಾಗಿ ಎತ್ತರದಲ್ಲಿ ಕೂರಿಸುವುದು ಕಡಿಮೆ. ಅವರ ಚೌಕಟ್ಟಿನಲ್ಲಿ ತಾರೆಯ ಪಕ್ಕದಲ್ಲಿ ಹೋಟೆಲಿನ ಪರಿಚಾರಕಿಯರು, ಕ್ಲಬ್ಬಿನ ಗಿರಾಕಿಗಳು, ಬೀದಿಯ ಹುಡುಗರು ಇರುತ್ತಾರೆ. ಅವರು 1998ರಲ್ಲಿ ತೀರಿಕೊಂಡ ಮೇಲೆ, 2001ರಲ್ಲಿ ಕಾರ್ನೆಗೀ ಕಲಾ ವಸ್ತುಸಂಗ್ರಹಾಲಯ ಸುಮಾರು 80,000 ನೆಗೆಟಿವುಗಳನ್ನು ಪಡೆದುಕೊಂಡಿತು. ತಾರೆಯರ ಹೆಸರು ಹೇಳುವುದು ಸುಲಭವಿತ್ತು, ಉಳಿದ ಸಾವಿರಾರು ಮುಖಗಳಿಗೆ ಹೆಸರಿರಲಿಲ್ಲ. ವಸ್ತುಸಂಗ್ರಹಾಲಯದವರು ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, ಆ ಬಡಾವಣೆಗಳ ಹಿರಿಯರನ್ನು ಕೂರಿಸಿ ಕೇಳಿದರು. ಇವಳು ನನ್ನ ಅಕ್ಕ, ಇದು ನಮ್ಮ ಚರ್ಚಿನ ಪಾದ್ರಿಗಳ ಕಾರು, ಈ ಅಂಗಡಿ ಇಂಥ ಬೀದಿಯಲ್ಲಿತ್ತು ಎಂಬಂಥ ನೆನಪುಗಳಿಂದ ಚಿತ್ರಗಳ ಕೆಳಗೆ ಹೆಸರುಗಳು, ಸ್ಥಳಗಳು, ವರ್ಷಗಳು ಸೇರತೊಡಗಿದವು. ಗುರುತಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಕೆಲಸಕ್ಕೆ ಅವಸರವಿದೆ. ಲೀನಾ ಹಾರ್ನ್ ಅವರ ಪಕ್ಕದಲ್ಲಿ ನಿಂತವರಿಗೂ ಅವರಷ್ಟೇ ಖಚಿತವಾದ ಹೆಸರು ಸಿಗುವವರೆಗೆ ಹ್ಯಾರಿಸ್ ಅವರ ಚಿತ್ರಗಳನ್ನು ನಾವು ಅರ್ಧವಷ್ಟೇ ಓದಿರುತ್ತೇವೆ.